ಖರೇ ನೋಟಿನ ಗುರುತು

“ಬೆಳಕಿಗೆ ಹಿಡದು ನೋಡ್ರಿ ಟೀಚರ್” ಎಂದು ಐದನೇ ತರಗತಿಯ ಶಬಾನಾ ತಾನು ಮಾಡಿದ ನೋಟನ್ನು ನನ್ನ ಕೈಗಿಟ್ಟಳು.

ದೇವರ ಹಿಪ್ಪರಗಿಯ ನಮ್ಮ ಶಾಲೆಯಲ್ಲಿ ಅಂದು ಮಕ್ಕಳು ಆಲೂಗಡ್ಡೆ ಕೊರೆದು, ಬಣ್ಣದಲ್ಲಿ ಅದ್ದಿ, ತಮ್ಮದೇ ನೋಟು ಅಚ್ಚು ಹಾಕುತ್ತಿದ್ದರು. ಒಬ್ಬನ ನೋಟಿನಲ್ಲಿ ಎತ್ತು, ಇನ್ನೊಬ್ಬಳದರಲ್ಲಿ ಜೋಳದ ತೆನೆ. ಶಬಾನಾ ಮಾತ್ರ ಅರ್ಧ ಜಾಗ ಖಾಲಿ ಬಿಟ್ಟಿದ್ದಳು. ನನಗೆ ಸಿಟ್ಟು ಬಂದಿತ್ತು. ಆದರೂ ಕಿಟಕಿಗೆ ಹಿಡಿದೆ. ಖಾಲಿ ಜಾಗದಲ್ಲಿ ಒಂದು ಹೆಬ್ಬೆರಳ ಗುರುತು ಹೊಳೆಯಿತು. ಮುಟ್ಟಿದರೆ ಎಣ್ಣೆ ಜಿಡ್ಡು.

“ಊಟದ ಬಿಡುವಿನ್ಯಾಗ ಓಡಿ ಹೋಗಿ ಅಮ್ಮಿ ಕಡಿಂದ ಒತ್ತಿಸ್ಕೊಂಡ ಬಂದೇನ್ರಿ. ಖರೇ ನೋಟಿನ್ಯಾಗ ಇದು ಇರತೈತ್ರಿ. ಇರಲಿಲ್ಲಂದ್ರ ಖೊಟ್ಟಿ.”

ಅವಳ ತಾಯಿ ಬಸ್ ನಿಲ್ದಾಣದ ಬಳಿ ಮಿರ್ಚಿ ಭಜಿ ಕರಿಯುತ್ತಾರೆ. ಗಿರಾಕಿ ಕೊಟ್ಟ ನೋಟನ್ನು ಎಣ್ಣೆಗೈಯಲ್ಲೇ ಬಿಸಿಲಿಗೆ ಎತ್ತಿ ನೋಡಿ ಡಬ್ಬಿಗೆ ಹಾಕುತ್ತಾರೆ. ಅವರು ಹುಡುಕುವುದು ನೋಟಿನೊಳಗೆ ಅಡಗಿದ ಚಿತ್ರವನ್ನು. ಪಕ್ಕದಲ್ಲಿ ಕೂತ ಮಗಳಿಗೆ ಕಂಡದ್ದು ಅಮ್ಮಿಯ ಹೆಬ್ಬೆರಳಿನ ಎಣ್ಣೆ ಗುರುತು. ತಿದ್ದಬೇಕೆಂದು ಬಾಯಿ ತೆರೆದವಳು, ಆ ನೋಟನ್ನೂ ಉಳಿದವುಗಳ ಜೊತೆ ಗೋಡೆಗೆ ಅಂಟಿಸಿದೆ.

ಸಂಜೆ ಊರಿಗೆ ಹೊರಟಾಗ ಅವರಲ್ಲಿ ಭಜಿ ಕೊಂಡೆ. ಚಿಲ್ಲರೆಯಾಗಿ ಬಂದ ನೋಟನ್ನು ನನಗೇ ತಿಳಿಯದಂತೆ ಬಿಸಿಲಿಗೆ ಹಿಡಿದಿದ್ದೆ. “ಯಾಕ್ರಿ ಟೀಚರ್, ಖೊಟ್ಟಿ ಐತೇನ್ರಿ?” ಎಂದು ಆ ತಾಯಿ ಗಾಬರಿಯಾದರು. ನೋಟಿನ ಅಂಚಿನಲ್ಲಿ ಅವರ ಹೆಬ್ಬೆರಳು ಹಸಿಹಸಿಯಾಗಿ ಮೂಡಿತ್ತು. “ಇಲ್ರಿ,” ಎಂದೆ, “ಖರೇ ಐತಿ.”