ಥಂಡಿ ದಿನದ ಹಿನಾ ಅತ್ತರ

ಎಳ್ಳಮಾಸಿ ಇನ್ನ ನಾಕು ದಿನ ಇರುವಾಗ ಯಾದಗಿರಿಯಾಗ ಥಂಡಿ ಬಿತ್ತು. ನಮ್ಮ ಕಡೆ ಥಂಡಿ ಅಂದ್ರ ಬಾಳಂದ್ರ ಒಂದು ತಿಂಗಳಿನ ಮಾತು. ಉಳಿದ ದಿನ ಬಿಸಲಾಗ ಬೇಯುವ ಮಂದಿಗೆ ಅಷ್ಟಕ್ಕ ಹಲ್ಲು ಕಟಕಟ ಅಂತಾವ. ನಾನು ಮುದನಾಳ ಶಾಲಿಗೆ ಕಲಸಾಕ ಹೋಗಾಕಿ, ಮುಂಜಾನಿ ಬಸ್ಸು ತಪ್ಪಿದ್ರ ಆವತ್ತಿನ ದಿನಾನ ಕೆಟ್ಟಂಗ. ಸ್ವೆಟರ್ ಏರಿಸಿಕೊಂಡು ಹೊಂಟಿದ್ದೆ. ಕಲಬುರಗಿಯಾಗ ನರ್ಸಿಂಗ್ ಓದೋ ಮಗಳು ರಜಾಕ್ಕ ಬಂದಿದ್ಲು. ಒಂದು ಸಣ್ಣ ಸೀಸೆ ಹಿಡಕೊಂಡು ಬಂದು, ಇದು ಥಂಡಿ ದಿನಕ್ಕಂತನ ಮಾಡಿದ್ದು, ಹೆಂಗಸರೂ ಹಚ್ಚಬಹುದು ಗಂಡಸರೂ ಹಚ್ಚಬಹುದು ಅಂತ ಹೇಳಿ, ನಾ ಬ್ಯಾಡ ಬ್ಯಾಡ ಅನ್ನೋದ್ರಾಗ ಕುತ್ತಿಗಿಗೆ ಎರಡು ಸಲ ಹೊಡದೇ ಬಿಟ್ಳು. ನನಗ ಸಿಟ್ಟು ಬಂತು. ಐವತ್ತು ದಾಟಿದಾಕಿಗೆ ಯಾತರ ಸೆಂಟು, ಶಾಲಿ ಹುಡುಗರು ನಗಬೇಕೇನು ಅಂತ ಬೈಕೋತ ಚಪ್ಪಲಿ ಮೆಟ್ಟಾಕ ಬಗ್ಗಿದೆ. ಮೊದಲ ಮೂಗಿಗೆ ಚುರ್ ಅಂದದ್ದು ಆರಿಹೋಗಿ, ಮೈ ಶಾಖಕ್ಕ ಒಳಗಿಂದು ಎದ್ದು ಬಂತು: ಗಂಧದ ಕಟ್ಟಿಗಿ, ಒಣ ಬೇರು, ಲವಂಗ, ಅದರ ತಳಕ್ಕ ಎಲ್ಲೋ ಹಸಿ ಮಣ್ಣು. ಒಂದು ಕಾಲಾಗ ಚಪ್ಪಲಿ, ಒಂದು ಕಾಲು ಬರೇ, ಹಂಗ ನಿಂತುಬಿಟ್ಟೆ. ಅಪ್ಪ ಬಂದಾನ ಅನಿಸ್ತು.

ನಮ್ಮಪ್ಪ ಹೋದಾಗ ನನಗ ನಾಕು ವರ್ಷ. ಅಂವನ ಮಾರಿ ನೆನಪಿಲ್ಲ, ದನಿ ನೆನಪಿಲ್ಲ. ಮದುವಿ ಫೋಟೋದಾಗ ರುಮಾಲು ಸುತ್ತಿಕೊಂಡು ಬೆದರಿದಂಗ ಕೂತ ಹುಡುಗನ್ನ ನೋಡಿದ್ರ ಯಾರೋ ಬೀಗರ ಮನಿಯವ ಅನಿಸ್ತದ. ನನ್ನ ಹತ್ರ ಅಪ್ಪ ಅನ್ನೋದು ಒಂದ ಒಂದು ಇತ್ತು. ಥಂಡಿ ಮುಂಜಾನಿ, ಇನ್ನ ಬೆಳಕು ಹರದಿಲ್ಲ, ಯಾರೋ ನನ್ನ ಕೌದಿ ಸಮೇತ ಎತ್ತಿ ಹೆಗಲಿಗೆ ಹಾಕ್ಕೋತಾರ. ನನ್ನ ಮೂಗು ಅವರ ಕುತ್ತಿಗ್ಯಾಗ. ಅಲ್ಲಿ ಈ ವಾಸನಿ, ಬೆಚ್ಚಗ, ಮಂದ. ನನಗ ಕಣ್ಣು ತೆರಿಯೋದು ಬ್ಯಾಡಾಗಿರ್ತದ. ಇಷ್ಟ. ಆ ಹೆಗಲು ಅಪ್ಪಂದು ಅಂತ ನಾನು ಇಷ್ಟು ವರ್ಷ ಬದುಕಿದಾಕಿ. ಅಪ್ಪ ಇಲ್ಲದ ಹುಡುಗಿ ಅಂತ ಯಾರರ ಅಂದ್ರ ಒಳಗಿಂದೊಳಗ ನಗತಿದ್ದೆ, ನಿಮಗೇನು ಗೊತ್ತು ಅಂತ.

ನಮ್ಮ ಮನಿ ಸುರಪುರದ ಬಾಜೂಕ ರಂಗಂಪೇಟದಾಗಿತ್ತು. ಕಲ್ಲಿನ ಗ್ವಾಡಿ, ಮಣ್ಣಿನ ಮಾಳಿಗಿ, ಹಿತ್ತಲಕ್ಕ ಒಂದು ಬಚ್ಚಲ, ಬಚ್ಚಲಕ್ಕ ಹಂಡೆ ಹೂಳಿದ ಒಲಿ. ಮನ್ಯಾಗ ನಮ್ಮಾಯಿ, ಅಂದ್ರ ಅಪ್ಪನ ತಾಯಿ, ನಮ್ಮವ್ವ, ಮತ್ತ ನಿಂಗಮ್ಮತ್ತಿ. ನಿಂಗಮ್ಮತ್ತಿ ಅಪ್ಪನ ಅಕ್ಕ. ಶಹಾಪುರಕ್ಕ ಕೊಟ್ಟಿದ್ರು, ಎರಡು ವರ್ಷಕ್ಕ ಗಂಡ ತೀರಿಕೊಂಡು ತವರಿಗೆ ಬಂದಾಕಿ. ಎತ್ತರದಾಕಿ, ಹೆಗಲು ಗಟ್ಟಿ, ಮಾತು ಕಮ್ಮಿ. ಮುಂಜಾನಿ ಎಲ್ಲರಿಗಿಂತ ಮೊದಲ ಎದ್ದು ಹಂಡೆಗೆ ನೀರು ತುಂಬಿ ಉರಿ ಹಚ್ಚಾಕಿ ಆಕಿನ. ಥಂಡಿ ದಿನ ಅತ್ತರ ಮಾರೋ ಖಾಸೀಮಸಾಬ ಕಟ್ಟಿಗಿ ಪೆಟ್ಟಿಗಿ ಹೆಗಲಿಗೆ ಹಾಕ್ಕೊಂಡು ನಮ್ಮ ಓಣಿಗೆ ಬರತಿದ್ದ. ಬ್ಯಾಸಗಿಗೆ ಲಾವಂಚದ ಖಸ್, ಥಂಡಿಗೆ ಹಿನಾ. ಹೊತ್ತು ತಪ್ಪಿ ಕೇಳಿದ್ರ ಕೊಡತಿದ್ದಿಲ್ಲ, ಹಿನಾ ಗರಮ್ ಅದರೀ ಅವ್ವಾರ, ಬಿಸಲಾಗ ಹಚ್ಚಿದ್ರ ಮೂಗಿಂದ ರಕ್ತ ಬರ್ತದ ಅಂತ ಹೆದರಸತಿದ್ದ. ಹಿನಾಕ್ಕ ಗಂಡು ಹೆಣ್ಣು ಅನ್ನೋದು ಇದ್ದಿಲ್ಲ. ಸಾಬರ ಮನ್ಯಾಗಿನ ಮುದುಕರೂ, ನಮ್ಮ ಮಂದ್ಯಾಗಿನ ಹೊಸ ಸೊಸೆದೇರೂ ಎಳ್ಳಮಾಸಿಯಿಂದ ಸಂಕ್ರಮಣದ ತನಕ ಒಂದ ವಾಸನಿ ಹೊತ್ತುಕೊಂಡು ತಿರಗತಿದ್ರು. ಹಚ್ಚೋ ರೀತೀನೂ ಒಂದ: ಚೂರು ಹತ್ತಿ ಅತ್ತರದಾಗ ಅದ್ದಿ ಕಿವಿಯ ಮ್ಯಾಲಿನ ಮಡಿಕ್ಯಾಗ ಇಟ್ಕೊಳ್ಳೋದು. ಇಡೀ ದಿನ ಬರತಿತ್ತು. ಹಚ್ಚಬಾರದು ಅಂತಿದ್ದದ್ದು ಗಂಡ ಸತ್ತವರಿಗೆ ಮಾತ್ರ.

ಅಪ್ಪ ಜ್ವರ ಬಂದು ಎಂಟೇ ದಿನದಾಗ ಹೋದ. ಆವಾಗ ಬ್ಯಾಸಗಿ ಸುರು ಆಗಿತ್ತು. ಮುಂದಿನ ಥಂಡಿಗೆ ಒಂದು ಮುಂಜಾನಿ ಅತ್ತಿ ನನ್ನ ಎತ್ತಿಕೊಂಡು ಹೋಗಿ ಬಚ್ಚಲ ಒಲಿ ಮುಂದ ಕುಂದ್ರಿಸಿಕೊಂಡಿದ್ಲು. ನಾನು ನಿದ್ದಿಗಣ್ಣಾಗ, ಅಪ್ಪನ ವಾಸನಿ ಬರಾಕತ್ತದ ಅಂದೆ. ಯಾಕ ಹಂಗ ಅಂದೆ ನನಗ ಗೊತ್ತಿಲ್ಲ. ಎತ್ತಿಕೊಂಡವರು ಅಪ್ಪನ ಇರಬೇಕು ಅಂತ ಸಣ್ಣ ತಲ್ಯಾಗ ಹ್ಯಾಂಗೋ ಕೂತಿತ್ತು. ಅತ್ತಿ ಹೌದೇನು ಅಂದ್ಲು, ಕಟ್ಟಿಗಿ ಒಳಗ ನೂಕಿದ್ಲು. ಆದ್ರ ಆಯಿ ಕೇಳಿಸಿಕೊಂಡಿದ್ಲು. ತಪಕೀರಿನ ನಶ್ಯ ಏರಿಸಿ ಏರಿಸಿ ಆಕಿ ಮೂಗು ಯಾವಾಗೋ ಸತ್ತುಹೋಗಿತ್ತು. ಅವತ್ತು ಮಾತ್ರ ಗಾಳಿಗೆ ಮಾರಿ ಎತ್ತಿ, ಹೌದವ್ವ ಹೌದು, ನನ್ನ ಮಗ ಬಂದಾನ ಅಂತ ಕಣ್ಣೀರು ಹಾಕಿದ್ಲು. ಅವತ್ತಿಂದ ಥಂಡಿ ದಿನದಾಗ ಅಪ್ಪ ಬರತಾನ ಅನ್ನೋದು ನಮ್ಮ ಮನ್ಯಾಗ ಖರೇನ ಆಯ್ತು. ಆಯಿ ದಿನಾ ಮುಂಜಾನಿ ಪಡಸಾಲ್ಯಾಗ ಅಂವಗ ಕುಂದ್ರಾಕ ಮಣಿ ಹಾಕತಿದ್ಲು, ಮೊದಲ ಚಾ ಅದರ ಮುಂದ ಇಡತಿದ್ಲು. ನಾನು ಅತ್ತಿ ತೊಡಿ ಮ್ಯಾಲ ಕೂತು ಅಪ್ಪನ ಕೂಡ ಮಾತಾಡತಿದ್ದೆ, ಒಮ್ಮೊಮ್ಮೆ ಅಳತಿದ್ದೆ. ಅತ್ತಿ ನನ್ನ ತಲಿ ಕೈಯಾಡಿಸಿಕೋತ ಉರಿ ನೋಡತಿದ್ಲು. ಹಿಂಗ ಮೂರು ಥಂಡಿ ಹೋದ್ವು.

ನನಗ ಏಳು ತುಂಬಿದ ವರ್ಷ ಎಳ್ಳಮಾಸಿ ಮರುದಿನ ಅತ್ತಿ ತಲಿ ಎರಕೊಂಡು ಹಿತ್ತಲದ ಬಿಸಲಾಗ ಕೂದಲು ಒಣಗಿಸಿಕೋತ ಕುಂತಿದ್ಲು. ಯಾವಾಗಲೂ ತಲಿ ಮ್ಯಾಲ ಸೆರಗು ಇರೋ ಅತ್ತಿ ಕಿವಿ ಅವತ್ತು ಬಯಲಾಗಿತ್ತು. ಮಡಿಕ್ಯಾಗ ಹತ್ತಿ ಕಂಡಿತು. ಆಕಿ ಥಂಡಿಗೆ ಕಿವ್ಯಾಗ ಹತ್ತಿ ಇಡತಾಳ ಅನ್ನೋದು ಮನಿಮಂದಿಗೆಲ್ಲ ಗೊತ್ತಿದ್ದ ಮಾತ. ಕಿವಿ ಸೋರತದ ಅಂತ ಹೇಳಿದ್ಲು, ಎಲ್ಲರೂ ನಂಬಿದ್ರು. ನಾನು ಆಟಕ್ಕ ಹಿಂದಿನಿಂದ ಬಂದು ಅದನ್ನ ಕಿತ್ತುಕೊಂಡು ಓಡಿದೆ. ಮೂಗಿಗೆ ಹಿಡದೆ. ಅಪ್ಪನ ವಾಸನಿ, ಇಡೀ ಅಪ್ಪ, ಇಷ್ಟೇ ಇಷ್ಟು ಹತ್ತ್ಯಾಗ. ನಾನು ಸೀದಾ ಆಯಿ ಮುಂದ ಹೋಗಿ ನಿಂತು, ಅತ್ತಿ ನಮ್ಮಪ್ಪನ ಅತ್ತರ ಕಳವು ಮಾಡಿ ಕಿವ್ಯಾಗ ಇಟ್ಕೊಂಡಾಳ ಅಂತ ಓಣಿಗೆಲ್ಲ ಕೇಳೋಹಂಗ ಒದರಿದೆ.

ಆಯಿ ಹತ್ತಿ ಇಸಕೊಂಡ್ಲು, ತಿರಗಿಸಿ ತಿರಗಿಸಿ ನೋಡಿದ್ಲು. ಮಗಳು ಅತ್ತರ ಹಚ್ಚಿದ್ಲು ಅನ್ನೋದಕ್ಕಿಂತ ಮಗ ಬಂದಿದ್ದಿಲ್ಲ ಅನ್ನೋದು ಆಕಿಗೆ ಬಡದಿತ್ತು ಅಂತ ಈಗ ತಿಳೀತದ. ಆಮ್ಯಾಲ ಬಾಯಿ ತೆರದ್ಲು. ಗಂಡ ಸತ್ತಾಕಿಗೆ ನಮ್ಮ ಕಡೆ ಬೈಯೋ ಬೈಗಳು ಒಂದದ, ಹೆತ್ತ ತಾಯಿ ಬಾಯಾಗ ಅದು ಬಂತು. ನಾ ಅದನ್ನ ಇಲ್ಲಿ ಬರಿಯಾಂಗಿಲ್ಲ. ಸೀಸೆ ತಂದು ಚೆಲ್ಲು ಅಂದ್ಲು. ಅತ್ತಿ ಎದ್ದು ಒಳಗ ಹೋದ್ಲು. ಜ್ವಾಳ ತುಂಬಿಡೋ ಗುಮ್ಮಿ ಹಿಂದಿನಿಂದ ಸೀಸೆ ತಗದು, ಬಚ್ಚಲಕ್ಕ ಹೋಗಿ, ತಾನ ಬೋರಲ ಹಾಕಿದ್ಲು. ಅವ್ವ ಅಡಿಗಿಮನಿ ಬಾಗಲದಾಗ ಹಿಟ್ಟಿನ ಕೈಲೆ ನಿಂತು ನೋಡಿದ್ಲು, ಒಳಗ ಹೋದ್ಲು. ಎಂಟು ದಿನ ಬಚ್ಚಲದಾಗ ಹಿನಾ ಬರತಿತ್ತು. ಮುಂದ ಅದೂ ಹೋಯ್ತು. ಪಡಸಾಲಿಗೆ ಮಣಿ ಹಾಕೋದು ನಿಂತಿತು. ನಾನು ಅತ್ತಿ ಹತ್ರ ಹೋಗೋದು ಬಿಟ್ಟೆ. ಅಪ್ಪನ್ನ ಓಡಿಸಿದಾಕಿ ಅಂತ ನನ್ನ ಹೊಟ್ಟ್ಯಾಗ ಹಗಿ ಕೂತಿತ್ತು. ಎತ್ತಿಕೊಳ್ಳಾಕ ಬಂದ್ರ ಮೈ ಬಿಗಿ ಮಾಡಿಕೋತಿದ್ದೆ. ನಾಕು ದಿನ ನೋಡಿ ಆಕೀನೂ ಬರೋದು ಬಿಟ್ಳು. ಆಮ್ಯಾಲ ದೇವಾಪುರದ ಸಂಬಂಧಿಕರ ಮನ್ಯಾಗ ಬಾಣಂತನ ಮಾಡಾಕಂತ ಹೋದಾಕಿ ಅಲ್ಲೇ ಉಳಕೊಂಡ್ಲು. ಅಲ್ಲೇ ತೀರಿಕೊಂಡ್ಲು. ಮಣ್ಣಿಗೆ ಹೋಗಿದ್ದೆ. ಎಲ್ಲರೂ ಅಳಾಕತ್ತಿದ್ರು, ನನಗ ಕಣ್ಣೀರು ಬರಲಿಲ್ಲ. ಬರಲಿಲ್ಲ ಅಂತ ನಾಚಿಕೀನೂ ಆಗಲಿಲ್ಲ, ಸುಳ್ಳ್ಯಾಕ ಹೇಳ್ಲಿ.

ಆ ಮನಿ ಈಗ ಇಲ್ಲ. ಆಯಿ ಇಲ್ಲ. ಖಾಸೀಮಸಾಬನ ಪೆಟ್ಟಿಗಿ ಯಾರ ಮನಿ ಅಟ್ಟದ ಮ್ಯಾಲ ಅದನೋ. ಅವ್ವ ನನ್ನ ಕೂಡ ಯಾದಗಿರಿಯಾಗ ಇದ್ದಾಳ, ಕಣ್ಣು ಮಂಜು, ಕಿವಿ ಚುರುಕು. ಅವತ್ತು ಶಾಲಿಯಿಂದ ಬಂದು, ವಾಸನಿ ಇನ್ನ ಸ್ವೆಟರಿನಾಗ ಇರುವಾಗ, ಆಕಿ ಬಾಜೂಕ ಕೂತೆ. ಅವ್ವ ಮಾರಿ ಎತ್ತಿ, ನಿಂಗವ್ವ ಬಂದಂಗಾಯ್ತು ನೋಡು ಅಂದ್ಲು. ನನಗ ಸಿಟ್ಟು ಬಂತು. ನಿಂಗಮ್ಮತ್ತಿ ಅಲ್ಲ, ಇದು ಅಪ್ಪನ ವಾಸನಿ ಅಂದೆ. ಅವ್ವ ನನ್ನ ಕಡೆ ತಿರಗಿದ್ಲು. ಮಗಳು ಇಷ್ಟು ದೊಡ್ಡಾಕಿ ಆಗಿ ಇನ್ನೂ ಅದನ್ನ ನಂಬ್ಯಾಳ ಅಂತ ಆಕಿ ಎಣಿಸಿದ್ದಿಲ್ಲ ಅಂತ ಕಾಣ್ತದ.

"ನಿಮ್ಮಪ್ಪ ಯಾವಾಗ ಅತ್ತರ ಹಚ್ಚಿದ್ದನವ್ವ?" ಅಂದ್ಲು. "ಹೊಲಹೊಲ ತಿರಗಿ ಇಂಜಿನ್ ರಿಪೇರಿ ಮಾಡಾಂವ. ಮೈಯೆಲ್ಲ ಡೀಸೆಲ್ಲು. ಅಂವ ಎತ್ತಿಕೊಳ್ಳಾಕ ಬಂದ್ರ ನೀ ಮೂಗು ಮುಚ್ಚಿಕೊಂಡು ಓಡತಿದ್ದಿ. ನಿಮ್ಮತ್ತಿ ಹತ್ರಾನ ಹೋಗಾಕಿ."

ಅಪ್ಪ ಇದ್ದಾಗಿಂದಾನೂ ಮುಂಜಾನಿ ನನ್ನ ಎತ್ತಾಕಿ ಅತ್ತಿನ, ಹಿನಾ ಆಕಿ ಗಂಡ ಮೊದಲ ಥಂಡಿಗೆ ಕೊಡಿಸಿದ್ದು, ಮುಗದಂಗ ಖಾಸೀಮಸಾಬನ ಹತ್ರ ಹಿತ್ತಲ ಬಾಗಲದಾಗ ತಗೋತಿದ್ಲು ಅಂತ ಅವ್ವ ನಿಧಾನಕ್ಕ ಹೇಳಿದ್ಲು. ಮತ್ತ ನನಗ್ಯಾಕ ಹೇಳಲಿಲ್ಲ ಅಂತ ಕೇಳಿದೆ. ಮುದುಕಿಗೆ ಮಗ ಬೇಕಾಗಿದ್ದ, ನಿನಗ ಅಪ್ಪ ಬೇಕಾಗಿದ್ದ, ಹೇಳಿ ಏನು ಮಾಡೋದಿತ್ತು ಅಂದ್ಲು. ನಾನು ಕಣ್ಣು ಮುಚ್ಚಿ ಆ ಹೆಗಲು ಹುಡುಕಿದೆ. ಇತ್ತು, ಹಂಗ ಬೆಚ್ಚಗ ಇತ್ತು. ಅದರಾಗ ಅಪ್ಪ ಇದ್ದಿಲ್ಲ. ಡೀಸೆಲ್ ವಾಸನಿ ನೆನಸಿಕೊಂಡೆ, ಬಸ್ ಸ್ಟ್ಯಾಂಡು ಬಂತು, ಪೆಟ್ರೋಲ್ ಬಂಕು ಬಂತು, ಅಪ್ಪ ಬರಲಿಲ್ಲ. ಹಾಂಗಾದ್ರ ನಾನು ಅಷ್ಟು ದಿನ ಯಾರಿಗೆ ಅತ್ತಿದ್ದೆ, ಯಾರ ತೊಡಿ ಮ್ಯಾಲ ಕೂತು? ಅತ್ತಿ ಒಂದು ದಿನಾನರ, ಹುಚ್ಚಿ, ಇದು ನಾನು ಅಂತ ಹೇಳಬಾರದೇನು? ಯಾರ ಮ್ಯಾಲ ಸಿಟ್ಟಾಗಬೇಕು ಅನ್ನೋದು ಸೈತ ತಿಳೀಲಿಲ್ಲ.

ಅಷ್ಟರಾಗ ಅವ್ವ ಕೈ ಮುಂದ ಚಾಚಿದ್ಲು. ಬಳಿ ಇಲ್ಲದ ಕೈ, ಗಂಟು ಗಂಟು.

"ನನಗೂ ಒಂಚೂರು ಹಚ್ಚು," ಅಂದ್ಲು.

ನಾನು ಸೀಸೆ ತಂದು ಆಕಿ ಮುಂಗೈಗೆ ಹಚ್ಚಿದೆ. ಅವ್ವ ಅದನ್ನ ಮೂಗಿಗೆ ಹಿಡದು ಉಸರು ಎಳಕೊಂಡ್ಲು.

"ನಿಮ್ಮಪ್ಪ ಹೋದ ಮ್ಯಾಲ ನಾನೂ ಹಚ್ಚತಿದ್ದೆ," ಅಂದ್ಲು. "ಆಕಿ ಸೀಸೆದಾಗಿಂದಾನ, ಸೆರಗಿನ ಒಳ ಅಂಚಿಗೆ. ಆಕಿನ ನನಗ ಹಚ್ಚತಿದ್ಲು, ಇಪ್ಪತ್ತಾರು ವರ್ಷದಾಕಿ ಹಿಂಗ್ಯಾಕ ಇರಬೇಕು ಅಂತ. ಅವತ್ತು ನಿಮ್ಮಾಯಿ ಅಷ್ಟು ಬೈದ್ರೂ ಆಕಿ ನನ್ನ ಹೆಸರು ಹೇಳಲಿಲ್ಲ."

ಹೊರಗ ಥಂಡಿ ಗಾಳಿ ಬಾಗಲ ಬಡೀತಿತ್ತು. ಐವತ್ತು ದಾಟಿದ ನಾನು ಅವ್ವನ ಮುಂದ ಸಣ್ಣ ಹುಡುಗಿ ಹಂಗ ಕುಂತಿದ್ದೆ. ರೂಢಿ ಪ್ರಕಾರ ಅಪ್ಪಾ ಅಂತ ಅಳಾಕ ಬಾಯಿ ತೆರದೆ, ಬಾಯಾಗ ನಿಂಗಮ್ಮತ್ತಿ ಅಂತ ಬಂತು.