ಅಕ್ಷರ ಸರಿಸುವಾಕಿ

ನಮ್ಮ ಅತ್ತೆಯ, ಅಂದರೆ ಅಪ್ಪನ ಅಕ್ಕನ, ಎಡತೋಳಿನಲ್ಲಿ ತಾಮ್ರದ ತಾಯಿತವೊಂದು ಮಾಂಸಕ್ಕೆ ಅರ್ಧ ಒತ್ತಿಕೊಂಡು ಕೂತಿತ್ತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಕಟ್ಟಿದ್ದು. ದಾರ ಹಳತಾದರೆ ಅದರ ಮೇಲೆಯೇ ಹೊಸದನ್ನು ಸುತ್ತುತ್ತಿದ್ದಳೇ ಹೊರತು ಒಮ್ಮೆಯೂ ಬಿಚ್ಚಿದವಳಲ್ಲ.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ನಮ್ಮ ಬಟ್ಟೆ ಅಂಗಡಿ, ಮೇಲೆ ಮನೆ. ಅತ್ತೆ ಭಾರೀ ಚುರುಕು. ಗಿರಾಕಿಯ ಮುಖ ನೋಡಿಯೇ ಸೀರೆ ತೆಗೆದಿಡುವವಳು. ಆದರೆ ಮರಾಠಿ ಶಾಲೆಯಲ್ಲಿ ಎಷ್ಟು ವರ್ಷ ಕೂತರೂ ಓದು ತಲೆಗೆ ಹತ್ತಲಿಲ್ಲ. "ಅಕ್ಷರ ಸರೀತಾವ" ಎಂದಿದ್ದೇ ತಪ್ಪಾಯಿತು. ಗಾಳಿ ಸೋಕಿದೆ ಎಂದು ಊರ ಕಡೆಯ ಮಂತ್ರವಾದಿಯೊಬ್ಬ ಬರೆ ಹಾಕಿ, ತಾಯಿತ ಕಟ್ಟಿ, ಒಳಗಿರುವವಳನ್ನು ಕಟ್ಟಿಹಾಕಿದ್ದೇನೆ ಎಂದ. ಗಾಳಿ ಸೋಕಿದವಳಿಗೆ ಯಾವ ಗಂಡು ಸಿಗುತ್ತಾನೆ? ನಮ್ಮಲ್ಲೇ ಉಳಿದಳು.

ಅಂದಿನಿಂದ ಅವಳ ತಲೆಯಲ್ಲಿ 'ಆಕಿ' ಇದ್ದಳು. ದಿನಾ ತಾಟಿನ ಅಂಚಿಗೆ ಆಕಿಗೊಂದು ತುತ್ತು. "ಉಪಾಸ ಇಟ್ರ ನನ್ನ ತಲಿ ತಿಂತಾಳ" ಎನ್ನುತ್ತಿದ್ದಳು. ಒಬ್ಬಳೇ ಇದ್ದಾಗ ಏನೋ ಕೇಳುವಳು, ಉತ್ತರಕ್ಕೆಂದು ತುಸು ತಡೆಯುವಳು, ಆಮೇಲೆ ನಗುವಳು. ಅಬ್ಬಾ, ಆ ನಗು ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

ನಾನು ಇದನ್ನೆಲ್ಲ ಕಂಡದ್ದು ತೊಂಬತ್ತರ ದಶಕದಲ್ಲಿ, ಸಣ್ಣವಳಿದ್ದಾಗ. ಮುಂದೆ ನನ್ನ ಮಗಳು ಎರಡನೇ ತರಗತಿಯಲ್ಲಿದ್ದಾಗ ಅವಳೂ ಅಂದಳು, "ಅಕ್ಷರ ನಿಂದ್ರವಲ್ವು." ಅಪ್ಪ ಆ ಮಂತ್ರವಾದಿಯ ಮಗನನ್ನು ಕರೆಸಲು ಹೊರಟರು. ನಾನು ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆ. ಓದುವಾಗಿನ ಮೆದುಳಿನ ಚಿತ್ರ ತೆಗೆದು ಸಂಶೋಧನೆ ಮಾಡುತ್ತಿದ್ದ ಮರಾಠಿ ಡಾಕ್ಟರಬಾಯಿ, ಮನೆಯಲ್ಲಿ ದೊಡ್ಡವರು ಯಾರಿಗಾದರೂ ಹೀಗಿದೆಯೇ ಎಂದು ವಿಚಾರಿಸಿದಳು. ಅತ್ತೆ ತಾನೇ ಮುಂದೆ ಬಂದಳು.

"ನನ್ನ ತಲಿ ನೋಡ್ರಿ. ಆಕಿ ಇದ್ರ ಕೂಸಿಗೂ ತಾಯಿತ ಕಟ್ರಿ. ಇರದಿದ್ರ ಕೂಸಿನ ಮುಟ್ಟಬ್ಯಾಡ್ರಿ."

ಮೆದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಲೋಹ ಕೂಡದು. ನರ್ಸ್ ಕತ್ತರಿ ತಂದಾಗ ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದಳು. "ಕಟ್ಟು ಹರದ್ರ ಆಕಿ ಹೊರಗ ಬರ್ತಾಳ. ನೀ ಬಾಗಲ ಕಡೆ ನಿಂದ್ರಬ್ಯಾಡವಾ." ದಾರ ಹರಿಯಿತು. ಕೆಳಗಿನ ಚರ್ಮ ಹೆಣದ ಹಾಗೆ ಬಿಳಿಚಿಕೊಂಡಿತ್ತು. ಬಾಗಿಲು ಮುಚ್ಚಿ, ಒಳಗೆ ಧಡ್ ಧಡ್ ಎಂದು ಬಡಿತ ಶುರುವಾಯಿತು. ಯಂತ್ರದ ಸದ್ದೆಂದು ಗೊತ್ತಿದ್ದರೂ ನಾನು ಹಿಂದೆ ಸರಿದು ನಿಂತೆ.

ಆಮೇಲೆ ಚಿತ್ರ ತೋರಿಸಿದರು. ಅಕ್ಷರ ತೋರಿಸಿ ಓದಿಸಿದಾಗ ಬೇರೆಯವರಲ್ಲಿ ಎಡ ಹಿಂಬದಿಗೆ ಕೆಂಪಗೆ ಕಾಣುವ ಜಾಗ ಅತ್ತೆಯಲ್ಲಿ ಕಪ್ಪಾಗಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು. "ಇಲ್ಲೇ ಕೂತಾಳ."

"ಆಜಿ, ತಿಥೇ ಕೋಣೀ ನಾಹೀ." ಅಜ್ಜಿ, ಅಲ್ಲಿ ಯಾರೂ ಇಲ್ಲ ಎಂದಳು ಡಾಕ್ಟರಬಾಯಿ. ಆ ಭಾಗ ಸತ್ತಿಲ್ಲ, ಓದಿನ ಕೆಲಸಕ್ಕೆ ಕಡಿಮೆ ಒದಗುತ್ತದೆ, ಅಷ್ಟೇ. ಮೆದುಳು ಬೇರೆ ದಾರಿ ಹಿಡಿದು ಹೆಣಗುತ್ತದೆ. ಒಬ್ಬರ ಚಿತ್ರದಿಂದ ತೀರ್ಪು ಹೇಳಲಾಗದು, ಆದರೆ ಇಂಥ ಬಹಳ ಜನರನ್ನು ಕೂಡಿಸಿ ನೋಡಿದರೆ ಹೀಗೇ ಕಾಣುತ್ತದೆ. ಹುಟ್ಟಿನಿಂದಲೇ ಬಂದದ್ದು, ಮಗುವಿಗೆ ಬೇರೆ ಬಗೆಯಲ್ಲಿ ಕಲಿಸಿದರಾಯಿತು.

ಅತ್ತೆ ಚಿತ್ರದಿಂದ ಬೆರಳು ತೆಗೆದಳು. "ಹಂಗಾರ ಇಷ್ಟು ವರ್ಷ ನನಗ ಉತ್ತರಾ ಕೊಟ್ಟಾಕಿ ಯಾರು?" ಎಂದಳು.

ಮನೆಗೆ ಬಂದವಳೇ ಅಪ್ಪನಿಗೆ ಹೇಳಿದಳು, "ಯಾರೂ ಇಲ್ಲಂತ. ಕೂಸಿನ ಮೈಗೆ ಕೈ ಹಚ್ಚಿದ್ರ ನನ್ನ ಹೆಣಾ ನೋಡ್ತಿ." ಮಂತ್ರವಾದಿಯ ಮಗ ಬರಲಿಲ್ಲ. ನನ್ನ ಮಗಳು ಗಾಳಿ ಸೋಕಿದವಳಾಗದೆ ಮಗಳಾಗಿಯೇ ಉಳಿದದ್ದು ಅತ್ತೆಯಿಂದ.

ಹಾಸಿಗೆ ಹಿಡಿದಿದ್ದ ಅತ್ತೆ ತೀರಿಕೊಂಡ ದಿನ ಮಧ್ಯಾಹ್ನ ಮಗಳು ಅವಳ ಪಕ್ಕ ಕೂತು ತಡವರಿಸುತ್ತ ಪಾಠ ಓದುತ್ತಿದ್ದಳು. "ಎಡವಿದ್ರ ಎಡವು ತಂಗಿ. ನಿನ್ನ ಯಾರೂ ದೂಡವಲ್ರು. ನಿನ್ನೊಳಗ ಯಾರೂ ಇಲ್ಲ" ಎಂದಳು ಅತ್ತೆ. ಹುಡುಗಿ ನಗುತ್ತ ಎದ್ದು ಹೊರಗೆ ಹೋಯಿತು. ನಾನು ಬಾಗಿಲ ಮರೆಯಲ್ಲಿದ್ದೆ, ಅವಳಿಗೆ ಕಾಣುತ್ತಿರಲಿಲ್ಲ. ಅತ್ತೆ ಕಷ್ಟಪಟ್ಟು ಗೋಡೆಯ ಕಡೆ ಸರಿದು, ಹಾಸಿಗೆಯಲ್ಲಿ ಪಕ್ಕಕ್ಕೆ ಜಾಗ ಮಾಡಿದಳು.

"ಬಾ," ಎಂದಳು, "ಕೂಸು ಹೋತು."