ತಾನೇ ಬರೆದ ಶಿಫಾರಸು ಪತ್ರ

ಮಾನಸಿಕ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪ್ರಶ್ನೆಯಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಕುಳಿತು, ರೋಗಿಗಳಿಗೆ ಚಿತ್ರಗಳನ್ನು ತೋರಿಸಿ, ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿ, ಉತ್ತರಗಳನ್ನು ಬರೆದುಕೊಳ್ಳುವುದು ಅವಳ ಕೆಲಸ. “ಪ್ರಶ್ನೆಯಕ್ಕನ ಮುಂದೆ ಕೆಮ್ಮಿದರೂ ಫೈಲಿಗೆ ಹೋಗುತ್ತೆ, ಹುಷಾರು” ಎಂದು ನರ್ಸುಗಳು ನಗುತ್ತಿದ್ದರು. ಹದಿನಾರು ವರ್ಷಗಳಿಂದ ವರದಿ ಬರೆಯುವವಳು ಅವಳೇ ಆದರೂ ಕೆಳಗಿನ ಸಹಿ ಮಾತ್ರ ದೊಡ್ಡ ಡಾಕ್ಟರದು.

ಅವಳ ಸಹಿಗೆ ಬೆಲೆ ಬರಬೇಕಾದರೆ ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಆಗಬೇಕಿತ್ತು. ನಲವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲವೆಂದು ವಿಶ್ವವಿದ್ಯಾಲಯದ ನಿಯಮ. ಅವಳಿಗೆ ಆಗಲೇ ನಲವತ್ತೈದು ತುಂಬಿತ್ತು, ಅದೇ ಕೊನೆಯ ಅವಕಾಶ. ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿದವರು ತಮ್ಮ ಮನೆಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎಂಬ ವಿಷಯವನ್ನು ಆರಿಸಿಕೊಂಡು ಕೊನೆಗೂ ಅರ್ಜಿ ತುಂಬಿದಳು.

ಶಿಫಾರಸು ಪತ್ರ ಕೇಳಿದಾಗ ದೊಡ್ಡ ಡಾಕ್ಟರು ಎಲ್ಲರಿಗೂ ಹೇಳುವಂತೆ, ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ ಎಂದರು. ತನ್ನನ್ನು ತಾನೇ ಹೊಗಳಿಕೊಳ್ಳಲು ಅವಳಿಗೆ ಕೈ ಬರಲಿಲ್ಲ. ಬರುತ್ತಿದ್ದದ್ದು ವರದಿಯ ಧಾಟಿಯೊಂದೇ. ಮೊದಲು ಗಮನಿಸಿದ ಅಂಶಗಳು, ಆಮೇಲೆ ಸಾಮರ್ಥ್ಯ, ಕೊನೆಯಲ್ಲಿ ಮಿತಿಗಳು. ಮಿತಿಗಳಿಲ್ಲದ ವರದಿ ಅವಳ ಮೇಜಿನಿಂದ ಎಂದೂ ಆಚೆ ಹೋದದ್ದಿಲ್ಲ. ಹೀಗಾಗಿ ಪತ್ರದ ಹಿಂಬದಿಯಲ್ಲೂ ಎರಡು ಸಾಲು ಬರೆದಳು: ‘ಅರ್ಜಿದಾರರ ಅಣ್ಣ ಇದೇ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷಗಳಿಂದ ರೋಗಿಯಾಗಿದ್ದಾರೆ. ವಾರ್ಡಿನವರ ವಿಷಯದಲ್ಲಿ ಇವರ ತೀರ್ಮಾನವು ಪೂರ್ಣ ನಿಷ್ಪಕ್ಷಪಾತವೆಂದು ಹೇಳಲಾಗದು.’ ಡಾಕ್ಟರು ಓದದೆ ಸಹಿ ಹಾಕಿ ಮೊಹರು ಒತ್ತಿದರು.

ಸಂದರ್ಶನ ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಯಾವಾಗ ಬಂದು ಸೇರಬಲ್ಲಿರಿ ಎಂದು ಒಬ್ಬರು ಕೇಳಿಯೂ ಆಗಿತ್ತು. ಆಗ ಹಿರಿಯ ಪ್ರಾಧ್ಯಾಪಕಿ ಪತ್ರವನ್ನು ತಿರುವಿ ಹಿಂಬದಿಯನ್ನು ಓದಿದರು.

“ನಿಮ್ಮ ಡಾಕ್ಟರೇ ಹೀಗೆ ಬರೆದಿದ್ದಾರಲ್ಲಮ್ಮ?”

ಬರೆದವಳು ತಾನೇ ಎಂದರೆ ಡಾಕ್ಟರ ಮಾನ ಹೋಗುತ್ತಿತ್ತು, ಪತ್ರವೂ ಸುಳ್ಳಾಗುತ್ತಿತ್ತು.

“ಅದರಲ್ಲಿರೋದು ನಿಜ, ಮೇಡಂ.”

“ನಿಜ ಅಂತ ಒಪ್ಪಿಕೊಂಡ ಮೇಲೆ ಈ ವಿಷಯಕ್ಕೆ ನಾವು ಸೀಟು ಹೇಗೆ ಕೊಡೋದು, ಹೇಳಿ?”

ವಾರದ ನಂತರ ಫಲಕಕ್ಕೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಸಂಗತಿ ತಿಳಿದು ಡಾಕ್ಟರು ಪೆಚ್ಚಾದರು. ಓದಬೇಕಿತ್ತು, ತಪ್ಪು ನನ್ನದೇ, ಮುಂದಿನ ವರ್ಷ ನಾನೇ ಕೂತು ಬರೆಯುತ್ತೇನೆ ಎಂದು ಸಮಾಧಾನ ಹೇಳಿದರು. ಮುಂದಿನ ವರ್ಷ ಎಂಬುದು ತನಗಿಲ್ಲವೆಂದು ಅವಳು ತಿಳಿಸಿದಳು. ಆ ದಿನದ ವರದಿಗಳನ್ನು ಮುಂದಿಟ್ಟಳು. ಅವರು ತಲೆ ತಗ್ಗಿಸಿ ಒಂದೊಂದಕ್ಕೂ ಸಹಿ ಹಾಕಿದರು.

ಸಂಜೆ ಭೇಟಿಯ ಹೊತ್ತಿಗೆ ಅಣ್ಣ ಎಂದಿನಂತೆ ವಾರ್ಡಿನ ಬಾಗಿಲಲ್ಲಿ ಕಾದು ನಿಂತಿದ್ದ. ಸೀಟಿನ ವಿಷಯ ಅವನೇ ಎತ್ತಿದ. ಸಿಗಲಿಲ್ಲವೆಂದಾಗ ಅಂಗಿಯ ಅಂಚನ್ನು ಬಹಳ ಹೊತ್ತು ನೀವುತ್ತಿದ್ದ.

“ನನ್ನಿಂದಾನಾ?”

“ಛೆ, ನಿನಗೂ ಅದಕ್ಕೂ ಏನಣ್ಣ ಸಂಬಂಧ? ನಂಗೆ ವಯಸ್ಸಾಯ್ತಂತೆ.”

ಅವನು ಅವಳ ಮುಖವನ್ನೇ ದಿಟ್ಟಿಸಿದ.

“ಚಿಕ್ಕವಳಿದ್ದಾಗ್ಲೂ ನಿಂಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ, ಪುಟ್ಟಿ.”

ಅಷ್ಟು ಹೇಳಿ ಒಳಗೆ ನಡೆದ. ಮರುದಿನದಿಂದ ಭೇಟಿಯ ಗಂಟೆ ಹೊಡೆದಾಗ ಅವನು ಬಾಗಿಲಿಗೆ ಬರುವುದನ್ನೇ ಬಿಟ್ಟ. ಕರೆಯಲು ಹೋದ ನರ್ಸು, ತನಗೆ ತಂಗಿಯೇ ಇಲ್ಲ, ಫೈಲಿನಲ್ಲೂ ಹಾಗೇ ಬರೆದುಕೊಳ್ಳಿ ಎನ್ನುತ್ತಾರೆ ಎಂದು ಬಂದು ಹೇಳಿದಳು.